ಜೀರುಂಡೆ ಏಳುವ ವರ್ಷ

ಈ ಊರಿಗೆ ಬಂದ ಮೊದಲ ದಿನ, ಮಾತಿಗೆ ಮಾತು ಇರಲೆಂದು, ಮನೆಯೊಡತಿಯ ತಾಯಿಯ ವಯಸ್ಸೆಷ್ಟು ಅಂತ ಕೇಳಿದೆ. ಅವಳು ವರ್ಷ ಹೇಳಲಿಲ್ಲ. "ಹತ್ತೊಂಬತ್ತು ಸಲ ಹುಳ ಏಳುವುದನ್ನು ನೋಡಿದ್ದಾಳೆ, ಇನ್ನೊಂದು ಸಲ ನೋಡಿಬಿಟ್ಟರೆ ಸಾಕಂತೆ" ಎಂದಳು. ನಾನು ನಮ್ಮವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. ಎಂಥ ಊರಿಗೆ ಬಂದೆವಪ್ಪಾ ಎಂದುಕೊಂಡು ನಾನು ಟ್ರಂಕು ಒಳಗೆ ಎಳೆದುಕೊಂಡೆ.

ಊರು ಇರುವುದು ಮೇಘಾಲಯದ ರಿಭೋಯ್ ಜಿಲ್ಲೆಯಲ್ಲಿ, ಗುವಾಹಟಿಯಿಂದ ಗುಡ್ಡ ಹತ್ತಿ ಬರಬೇಕು. ಇಲ್ಲಿಯ ಬಿದಿರು ಮೆಳೆಗಳ ಕೆಳಗೆ ಒಂದು ಜಾತಿಯ ಜೀರುಂಡೆಯ ಮರಿಗಳು ಬೇರಿನ ರಸ ಹೀರುತ್ತ ಕೂತಿರುತ್ತವೆ. ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳ ಸುಮಾರಿಗೆ, ಎಲ್ಲ ಒಟ್ಟಿಗೇ ನೆಲ ತೂತು ಮಾಡಿಕೊಂಡು ಮೇಲೆ ಬರುತ್ತವೆ. ಅವಕ್ಕೆ ಇಲ್ಲಿಯವರು ನ್ಯಾಂಗ್‌ತಸೇರ್ ಅನ್ನುತ್ತಾರೆ. ಫುಟ್‌ಬಾಲ್ ವಿಶ್ವಕಪ್ ನಡೆಯುವ ವರ್ಷವೇ ಇವುಗಳ ವರ್ಷವೂ ಆದ್ದರಿಂದ ಹುಡುಗರು ಲೆಕ್ಕ ತಪ್ಪುವುದಿಲ್ಲ. ಜನ ಬುಟ್ಟಿ ಹಿಡಿದು ಗುಡ್ಡಕ್ಕೆ ಹೋಗಿ ಹಿಡಿದು ತರುತ್ತಾರೆ, ಹುರಿದು ತಿನ್ನುತ್ತಾರೆ, ಮೀನಿನ ಗಾಳಕ್ಕೂ ಸಿಕ್ಕಿಸುತ್ತಾರೆ. ನಮ್ಮ ಬಾದಾಮಿ ಗುಡ್ಡದ ಕುರುಚಲಿನಲ್ಲಿ ಬೇಸಗೆ ಮಧ್ಯಾಹ್ನ ಜೀರುಂಡೆ ಎಷ್ಟು ಕಿರುಚಿದರೂ ಯಾರೂ ಕತ್ತೆತ್ತಿ ನೋಡುವುದಿಲ್ಲ. ಇಲ್ಲಿ ಅದೇ ಹುಳಕ್ಕೆ ಊರಿಗೆ ಊರೇ ನಾಲ್ಕು ವರ್ಷ ದಾರಿ ಕಾಯುತ್ತದೆ.

ನಮ್ಮವರೆಂದರೆ ಸಂಗಪ್ಪ, ಹುನಗುಂದ ತಾಲೂಕಿನವರು. ರಾಮಥಾಳದ ಸುತ್ತ ಹೊಲಹೊಲಕ್ಕೆ ಡ್ರಿಪ್ ಪೈಪು ಹಾಕಿ ಕೈ ಪಳಗಿಸಿಕೊಂಡವರು. ನಾನು ಕಲಾದಗಿಯ ಮಗಳು, ದಾಳಿಂಬೆ ತೋಟದಲ್ಲಿ ಬೆಳೆದವಳು. ಮೇಘಾಲಯದಲ್ಲಿ ಡ್ರಿಪ್ ಕೆಲಸ ಸಿಕ್ಕಿದೆ ಎಂದಾಗ ಓಣಿಯಲ್ಲಿ ನಗದವರೇ ಇಲ್ಲ. ಮೋಡದ ಮನೆಗೇ ನೀರು ಕುಡಿಸಲು ಹೊರಟಿದ್ದಾರೆ ಎಂದರು. ನಕ್ಕವರಿಗೆ ಗೊತ್ತಿರಲಿ: ಇಲ್ಲಿ ಆರು ತಿಂಗಳು ಸುರಿಯುವ ನೀರು ಗುಡ್ಡ ಇಳಿದು ಹೋಗಿಬಿಡುತ್ತದೆ, ಚಳಿಗಾಲದಲ್ಲಿ ಸ್ಟ್ರಾಬೆರಿ ಹಾಕಿದವರು ಝರಿಯಿಂದ ಕೊಡ ಹೊತ್ತು ಸೋಲುತ್ತಾರೆ. ಹನಿ ನೀರಿನ ಬೆಲೆ ಕಲಿಸಲು ನಮ್ಮ ಎರೆಸೀಮೆಯವರಿಗಿಂತ ಬೇರೆ ಯಾರು ಬೇಕು? ಮೊದಲ ಸಲ ಕಾಕ್ ತಿರುವಿ ಗುಡ್ಡದ ತುದಿಯ ಸಸಿಗೂ ನೀರು ತೊಟ್ಟಿಕ್ಕಿದಾಗ ಇಲ್ಲಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಆ ದಿನ ನಮ್ಮವರ ನಡಿಗೆ ನೀವು ನೋಡಬೇಕಿತ್ತು, ಮದುವೆಯಲ್ಲೂ ಹಾಗೆ ನಡೆದಿರಲಿಲ್ಲ.

ಮನೆಯೊಡತಿಯ ಹೆಸರು ಬಿನಾ. ನಾವು ಕಾಂಗ್ ಬಿನಾ ಅನ್ನುತ್ತೇವೆ. ಕಾಂಗ್ ಅಂದರೆ ನಮ್ಮ ಅಕ್ಕ. ಅವಳ ತಾಯಿಯನ್ನು ಎಲ್ಲರೂ ಮೇರಾದ್, ಅಂದರೆ ಅಜ್ಜಿ, ಎಂದೇ ಕರೆಯುತ್ತಾರೆ. ಇಲ್ಲಿ ಮನೆ ಹೋಗುವುದು ಕೊನೆಯ ಮಗಳಿಗೆ, ಗಂಡ ಹೆಂಡತಿಯ ಮನೆಗೆ ಬರುತ್ತಾನೆ. ಹಾಗಾಗಿ ನೆರೆಯವರೆಲ್ಲ ಸಂಗಪ್ಪ ನನ್ನ ಮನೆಗೆ ಬಂದ ಅಳಿಯ ಎಂದೇ ತಿಳಿದು, ಹೊಂದಿಕೊಂಡಿದ್ದಾನೆಯೇ ಎಂದು ನನ್ನನ್ನೇ ಕೇಳುತ್ತಿದ್ದರು. ಪರವಾಗಿಲ್ಲ, ಹೊಂದಿಕೊಳ್ಳುತ್ತಿದ್ದಾನೆ ಎಂದು ನಾನೂ ಹೇಳುತ್ತಿದ್ದೆ. ಕಲಾದಗಿಯಲ್ಲಿ ಈ ಮಾತಾಡಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಕಷ್ಟವಿರಲಿಲ್ಲವೇ ಎಂದರೆ, ಇತ್ತು. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಫೋನಿನಲ್ಲಿ ಅವ್ವನ ದನಿ ಕೇಳುತ್ತಿರಲಿಲ್ಲ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಅನ್ನುವ ಗಾದೆ ಮಾಡಿದವರು ಇಲ್ಲಿ ಒಂದು ಜೂನ್ ಕಳೆದಿರಲಿಕ್ಕಿಲ್ಲ. ಒಣಮೀನಿನ ವಾಸನೆಗೆ ಮೊದಲ ತಿಂಗಳು ಕಿಟಕಿ ಮುಚ್ಚಿಕೊಂಡು ಕೂತಿದ್ದೆ. ಊರಿಂದ ಪಾರ್ಸೆಲ್ ಬಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದ ದಿನ ಮಾತ್ರ ಆ ಸದ್ದಿಗೆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ರೊಟ್ಟಿ ಅವರಿಗೆ ಗಟ್ಟಿಯಾಯಿತು, ಶೇಂಗಾ ಚಟ್ನಿ ಮಾತ್ರ ಗೆದ್ದಿತು. ಈಗ ಕಾಂಗ್ ಬಿನಾಳ ಮನೆಯಲ್ಲಿ ಅನ್ನದ ಜೊತೆ ಶೇಂಗಾ ಚಟ್ನಿ ಇರಲೇಬೇಕು. ದಿನಾ ಸಂಜೆ ಅವಳು ನಮ್ಮ ಬಾಗಿಲಿಗೆ ಬಂದು ಕ್ವಾಯ್ ಕೊಡುತ್ತಿದ್ದಳು, ಅಂದರೆ ಸುಣ್ಣ ಹಚ್ಚಿದ ಎಲೆ, ಹಸಿ ಅಡಿಕೆ. ಕ್ವಾಯ್ ಕೊಟ್ಟರೆ ನೀನು ನಮ್ಮವಳು ಎಂದು ಹೇಳಿದ ಹಾಗೆ.

ಮೂರನೆಯ ಚಳಿಗಾಲದಲ್ಲಿ, ಹುಳದ ವರ್ಷ ಇನ್ನೇನು ಬಂತು ಎನ್ನುವಾಗ, ಬಿದಿರು ಮೆಳೆಗೆ ಹತ್ತಿದ ಸ್ಟ್ರಾಬೆರಿ ಸಾಲುಗಳು ಬಾಡತೊಡಗಿದವು. ಆ ಹೊಲವೂ ಮೆಳೆಯೂ ಕಾಂಗ್ ಬಿನಾಳವೇ. ನಮ್ಮವರು ಬುಡ ಅಗೆದು ನೋಡಿ, ಒಂದು ಡಬ್ಬಿಯಲ್ಲಿ ಮಣ್ಣು ತುಂಬಿಕೊಂಡು ಬಂದರು. ಒಳಗೆ ದಪ್ಪ, ಮಬ್ಬು ಬಣ್ಣದ ಹುಳಗಳು ಕಾಲಾಡಿಸುತ್ತಿದ್ದವು.

"ಗೊಣ್ಣಿಹುಳ ಅದಾವ ನೋಡು. ನಮ್ಮ ಕಡಿ ಕಬ್ಬಿಗೆ ಬೀಳ್ತಾವಲ್ಲ, ಅವ. ಒಂದ ತಾಸಿನ್ಯಾಗ ಮುಗಸ್ತೇನಿ" ಎಂದರು.

ಬೇರು ತಿನ್ನುವ ಹುಳ ಕಂಡರೆ ನಮ್ಮ ಕಡೆಯವರಿಗೆ ತೋಚುವುದು ಒಂದೇ, ಎಣ್ಣೆ ಬಿಡುವುದು. ಎಣ್ಣೆ ಎಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ, ಕೀಟನಾಶಕ. ಡ್ರಿಪ್ ಇದ್ದವರಿಗೆ ಬೆನ್ನಿಗೆ ಪಂಪು ಹೊರುವ ಕಷ್ಟವೂ ಇಲ್ಲ. ಗೊಬ್ಬರದ ಟಾಕಿಗೆ ಎಣ್ಣೆ ಸುರಿದು ಕಾಕ್ ತೆರೆದರೆ ಅದು ತಾನೇ ಬುಡಬುಡಕ್ಕೆ ಹೋಗಿ ಇಳಿಯುತ್ತದೆ. ಮಾರನೆಯ ಬೆಳಿಗ್ಗೆ ಅವರು ಗುವಾಹಟಿಯಿಂದ ತರಿಸಿದ ಎಣ್ಣೆ ಟಾಕಿಗೆ ಸುರಿದರು. ನಾನು ಅದೇ ಹಮ್ಮಿನಲ್ಲಿ ಕಾಂಗ್ ಬಿನಾಳ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ, ಇವತ್ತು ನಮ್ಮವರು ನಿಮ್ಮ ಹೊಲದ ಹುಳ ಒಂದೂ ಉಳಿಯದ ಹಾಗೆ ಮಾಡುತ್ತಾರೆ ಎಂದು ಡಬ್ಬಿ ತೆರೆದು ತೋರಿಸಿದೆ.

ಅವಳು ಡಬ್ಬಿಯೊಳಗೆ ನೋಡಿದಳು. ಕೈಯ ಚಹಾ ಅಲ್ಲೇ ಬಿತ್ತು. ಬರಿಗಾಲಲ್ಲಿ ಇಳಿಜಾರು ಓಡಿ ಕಾಕ್ ಬಂದ್ ಮಾಡಿದಳು. ಕಾಕ್ ಬಂದ್ ಮಾಡಲು ಅವಳಿಗೆ ಕಲಿಸಿದ್ದೂ ನಮ್ಮವರೇ.

ಅವು ಈ ವರ್ಷ ಏಳಬೇಕಾದ ನ್ಯಾಂಗ್‌ತಸೇರ್ ಮರಿಗಳು. ಅಷ್ಟರಲ್ಲಿ ಎಣ್ಣೆ ಎಷ್ಟು ಇಳಿದಿದೆಯೋ, ಸಾಲು ದಾಟಿ ಮೆಳೆಯೊಳಗೆ ಎಷ್ಟು ಹೋಗಿದೆಯೋ ಹೇಳುವವರಿಲ್ಲ. ಕಾಂಗ್ ಬಿನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ಸಂಜೆ ಅವಳು ಕ್ವಾಯ್ ತರಲಿಲ್ಲ, ಮರುದಿನವೂ ತರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ನನ್ನ ಪಾಲಿಗೆ ಅದು ನಿಜವಾದ ಅಡಿಕೆಯೇ ಆಯಿತು.

ಇನ್ನು ನಮ್ಮವರ ವಿಷಯ. ಅವರ ಬಾಯಿಂದ ತಪ್ಪಾಯಿತು ಅನ್ನುವ ಮಾತು ಹೊರಡಿಸುವುದು ಕಲ್ಲಿನಿಂದ ನೀರು ತೆಗೆದ ಹಾಗೆ. ಅವತ್ತೂ ಹೊರಡಲಿಲ್ಲ. ಆದರೆ ತಾವೇ ಹಾಕಿದ ಪೈಪುಗಳನ್ನು ಕಿತ್ತರು, ಹಣ್ಣು ಬಿಟ್ಟ ಸಸಿಗಳನ್ನು ಕಿತ್ತರು, ತೇವವಾದ ಮಣ್ಣನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಝರಿಯಿಂದ ದೂರ ಗುಂಡಿ ತೋಡಿ ಮುಚ್ಚಿದರು. ನಾನೂ ಹೊತ್ತೆ. ಎರಡನೆಯ ದಿನ ಕಾಂಗ್ ಬಿನಾಳ ತಮ್ಮ ಗುದ್ದಲಿ ಹಿಡಿದು ಬಂದು ಪಕ್ಕದಲ್ಲಿ ನಿಂತ. ಸಸಿ ಬಾಡಿದ್ದಕ್ಕೆ ಕಾರಣವೂ ಆಗಲೇ ಸಿಕ್ಕಿದ್ದು: ಪೈಪಿನ ಅರ್ಧಕ್ಕರ್ಧ ತೂತುಗಳಿಗೆ ಕೆಮ್ಮಣ್ಣು ಕಟ್ಟಿಕೊಂಡಿತ್ತು, ಹುಳಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ತಾನು ಕಟ್ಟಿದ್ದನ್ನು ತನ್ನ ಕೈಯಾರೆ ಕಿತ್ತು ಹಾಕುವ ಗಂಡಸರು ನಮ್ಮ ಕಡೆ ಬಹಳ ಮಂದಿ ಇಲ್ಲ. ನನಗೆ ಅವರ ಮೇಲೆ ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು, ಎರಡೂ ಒಟ್ಟಿಗೆ ಬರುತ್ತವೆಂದು ಗೊತ್ತಾದದ್ದು ಆಗಲೇ.

ಅದೇ ಹೊತ್ತಿಗೆ ಮೈದುನನ ಫೋನು ಬಂತು. ಹುನಗುಂದದ ಕಡೆಗೇ ಒಳ್ಳೆಯ ಕೆಲಸವಿದೆ, ಮುಂದಿನ ತಿಂಗಳೇ ಬರಬೇಕಂತೆ. ಹೋಗಿಬಿಡಬಹುದಿತ್ತು. ಮೇ ತಿಂಗಳಲ್ಲಿ ಗುಡ್ಡ ಸುಮ್ಮನಿದ್ದರೆ ಆ ಮುಖಗಳನ್ನು ನೋಡುವ ಪ್ರಸಂಗವೇ ಇರುತ್ತಿರಲಿಲ್ಲ. ನಮ್ಮವರು ಹುಳ ಏಳುವವರೆಗೆ ಬರುವುದಿಲ್ಲ ಎಂದು ತಮ್ಮನಿಗೆ ಹೇಳಿ ಫೋನಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಇವು ಏಳಲಿಲ್ಲಂದ್ರ ನಾವು ಈ ಊರಾಗ ಇರೂದ ಬ್ಯಾಡ. ಆದ್ರ ಹೇಳದ ಕೇಳದ ಓಡಿ ಹೋಗೂದೂ ಬ್ಯಾಡ. ಎದುರಿಗೆ ನಿಂತು ನೋಡೂನು, ಆಮ್ಯಾಲ ಗಂಟು ಕಟ್ಟೂನು."

ಹಾಗೆ ಶುರುವಾಯಿತು ನಮ್ಮ ಹೊರಗೆ ಕೂಡುವುದು. ಊರಲ್ಲಾದರೆ ಬೇಸಗೆ ಸಂಜೆ ಇಡೀ ಓಣಿ ಕಟ್ಟೆಯ ಮೇಲೆಯೇ ಇರುತ್ತದೆ, ಹೊರಗೆ ಕೂಡಲು ಕಾರಣ ಬೇಕಿಲ್ಲ. ಇಲ್ಲಿ ಜನ ಒಲೆಯ ಸುತ್ತ ಕೂಡುವವರು. ನಾವಿಬ್ಬರೂ ದಿನಾ ಹೊತ್ತು ಇಳಿಯುವಾಗ ಮೆಳೆಯ ಅಂಚಿಗೆ ಚಾಪೆ ಹಾಸಿ ನೆಲ ನೋಡುತ್ತ ಕೂತೆವು. ಹೋಗುವವರು ಬರುವವರು ನೋಡಿ ಮುಂದೆ ಹೋಗುತ್ತಿದ್ದರು. ಕೆಲವು ದಿನಗಳ ಮೇಲೆ ಕಾಂಗ್ ಬಿನಾ ಬಂದು ದೂರದ ಕಲ್ಲಿನ ಮೇಲೆ ಕೂತಳು. ಆಮೇಲೆ ಒಂದು ದಿನ ಚಾಪೆಯ ಅಂಚಿಗೆ ಬಂದಳು. ಉಮ್ ಅಂದರೆ ನೀರು, ಸ್ಲಾಪ್ ಅಂದರೆ ಮಳೆ, ಖಿಂದೆವ್ ಅಂದರೆ ಮಣ್ಣು. ಮೂರು ವರ್ಷದಲ್ಲಿ ಕಲಿಯದ ಖಾಸಿ ಮಾತನ್ನು ನಾನು ಆ ಸಂಜೆಗಳಲ್ಲಿ ಕಲಿತೆ. ಮುದುಕಿ ಹೇಗಿದ್ದಾಳೆ ಎಂದು ಕೇಳಿದರೆ, ಹಾಸಿಗೆಯಲ್ಲೇ ಇದ್ದಾಳೆ, ಎದ್ದವೇ ಎಂದು ದಿನಾ ಕೇಳುತ್ತಾಳೆ ಎನ್ನುತ್ತಿದ್ದಳು.

ಏಪ್ರಿಲ್ ಕೊನೆಗೆ ಗುಡುಗು ಮಳೆ ಒಂದು ಹೊಡೆಯಿತು. ಮಾರನೆಯ ಸಂಜೆ ಮೆಳೆಯ ನೆಲದ ತುಂಬ ತೂತುಗಳು, ಯಾರೋ ಬೆರಳಿನಿಂದ ಚುಚ್ಚಿಟ್ಟ ಹಾಗೆ. ನಮ್ಮವರು ಮಂಡಿಯೂರಿ ಒಂದು ತೂತಿನ ಬಾಯಿಗೆ ಮುಖ ಇಟ್ಟು ಮಲಗಿಬಿಟ್ಟರು. ಮೊದಲು ಎರಡು ಗುದ್ದಲಿಯಂಥ ಕಾಲು ಬಂದವು, ಆಮೇಲೆ ತಲೆ. ಹುಳ ಅವರ ಮೂಗಿನ ಮುಂದೆಯೇ ಬಿದಿರು ಏರಿತು. ಬೆನ್ನು ಬಿರಿದು ಒಳಗಿಂದ ಎಳೆ ಹಸಿರಿನ ಮೆತ್ತಗಿನ ಜೀವ ಹೊರಗೆ ಬಂತು, ಮುದುಡಿದ ರೆಕ್ಕೆ ನೋಡನೋಡುತ್ತಲೇ ಬಿಚ್ಚಿತು. ಅದರ ಹಿಂದೆ ಇನ್ನೊಂದು, ಇನ್ನೊಂದು. ಕತ್ತಲಾಗುವಷ್ಟರಲ್ಲಿ ಇಡೀ ಗುಡ್ಡ ಮೇಲೇಳುತ್ತಿತ್ತು. ನಮ್ಮವರು ಎದ್ದು ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಮಣ್ಣು ಒರೆಸಿಕೊಂಡದ್ದು ಎಂದರು. ಕಾಂಗ್ ಬಿನಾ ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಕ್ವಾಯ್ ಇಟ್ಟಳು. ಎಷ್ಟೋ ವಾರಗಳ ಮೇಲೆ ಅಡಿಕೆ ಜಗಿದು ನನಗೆ ಬೆವರು ಬಂತು, ಅಳುವೂ ಬಂತು.

ಅದಾದ ಮೇಲೆ ಮನೆಯೊಳಗೆ ಇದ್ದವರೇ ಇಲ್ಲ. ಬೇರೆ ಊರಿನ ನೆಂಟರು, ಸಾಲೆಯ ಮಕ್ಕಳು, ಬುಟ್ಟಿ, ಟಾರ್ಚು, ಚಹಾದ ಕೆಟಲು, ಎಲ್ಲ ಗುಡ್ಡದಲ್ಲೇ. ಹಗಲು ಅವು ಕೂಗಿದರೆ ಪಕ್ಕದವರ ಮಾತು ಕೇಳುವುದಿಲ್ಲ. ಒಂದು ಮಧ್ಯಾಹ್ನ ಬಿಸಿಲಲ್ಲೇ ತುಂತುರು ಬಿತ್ತೆಂದು ನಾನು ಕೊಡೆ ಬಿಚ್ಚಿದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದು ಮಳೆಯಲ್ಲ, ಮೇಲೆ ಕೂತ ಹುಳಗಳು ಉಚ್ಚೆ ಹೊಯ್ಯುತ್ತಿದ್ದವು. ಹುಳ ನಾವು ತಿನ್ನಲಿಲ್ಲ. ಲಿಂಗ ಕಟ್ಟಿದ ಮೈ. ಯಾರೂ ಒತ್ತಾಯ ಮಾಡಲಿಲ್ಲ. ಅವರು ಹುರಿದ ಹುಳ, ನಾನು ಹುರಿದ ಶೇಂಗಾ, ಒಂದೇ ಚಾಪೆಯ ಮೇಲೆ ಕೂತು ಅವರವರದು ಅವರವರು ತಿಂದೆವು.

ಒಂದು ಜಾಗ ಮಾತ್ರ ಬರಿದಾಗಿತ್ತು. ಎಣ್ಣೆ ಇಳಿದ ಕಡೆ, ಮೆಳೆಯ ಅಂಚಿನಲ್ಲಿ ಒಂದು ಪಟ್ಟಿಯಷ್ಟು ನೆಲದಲ್ಲಿ ಒಂದೇ ಒಂದು ತೂತೂ ಬೀಳಲಿಲ್ಲ. ನಮ್ಮವರು ದಿನಾ ಅಲ್ಲಿ ಹೋಗಿ ನಿಂತು ಬರುತ್ತಿದ್ದರು.

ಮೇರಾದಳನ್ನು ಗುಡ್ಡಕ್ಕೆ ಹೊತ್ತುಕೊಂಡು ಹೋದದ್ದು ನಮ್ಮವರೇ. ನಾನೇ ಹೊರುತ್ತೇನೆ ಎಂದು ಹಟ ಹಿಡಿದು ಬೆನ್ನ ಮೇಲೆ ಕೂರಿಸಿಕೊಂಡು ಹತ್ತಿದರು. ಊರಿನ ಮಂದಿ ದಾರಿ ಬಿಟ್ಟು ನಿಂತರು. ನಮ್ಮ ಸಂಗಪ್ಪನನ್ನು ಹಾಗೆ ನೋಡಿ ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ಮುದುಕಿ ಬಿದಿರಿಗೆ ಒರಗಿ ಕೂತು, ತಾನೇ ಒಂದೊಂದಾಗಿ ಹಿಡಿದು ಸಣ್ಣ ಬುಟ್ಟಿ ತುಂಬಿದಳು. ತುಂಬಿದ ಮೇಲೆ ಮನೆಯ ಕಡೆ ಕೈ ತೋರಿಸಲಿಲ್ಲ. ಆ ಬರಿ ಪಟ್ಟಿಯ ಕಡೆ ತೋರಿಸಿದಳು.

ಅಲ್ಲಿ ಇಳಿಸಿದಾಗ ಬುಟ್ಟಿಯ ಮುಚ್ಚಳ ತೆಗೆದು, ಹುಳಗಳನ್ನು ಅಂಚಿನ ಬಿದಿರಿನ ಮೇಲೆ ಬಿಟ್ಟಳು. ಒಂದನ್ನೂ ತಿನ್ನಲಿಲ್ಲ, ಒಂದನ್ನೂ ಇಟ್ಟುಕೊಳ್ಳಲಿಲ್ಲ. ಆಮೇಲೆ ನಮ್ಮವರ ಕೈ ಹಿಡಿದು ಏನೋ ಹೇಳಿದಳು. ಕಾಂಗ್ ಬಿನಾ ಅದನ್ನು ತನ್ನ ಹಿಂದಿಯಲ್ಲಿ ನಮಗೆ ತಿಳಿಸಿದಳು.

"ಇವು ಈ ಕೊಂಬೆಯಲ್ಲಿ ಮೊಟ್ಟೆ ಇಡುತ್ತವೆ, ಮರಿ ಕೆಳಗೆ ಬಿದ್ದು ಈ ಮಣ್ಣಿಗೆ ಇಳಿಯುತ್ತವೆ. ಇದು ನಿಮ್ಮ ನೆಲ ಅನ್ನುತ್ತಾಳೆ ಅಮ್ಮ. ಆ ಮರಿಗಳು ಏಳುವಾಗ ಅವಳಿರುವುದಿಲ್ಲ. ನೀವು ಇರಬೇಕಂತೆ."

ಹೊರಗಿನವರು ಇಲ್ಲಿ ಗೇಣು ನೆಲವನ್ನೂ ಕೊಳ್ಳುವಂತಿಲ್ಲ. ಅದು ಇಲ್ಲಿಯ ಕಾಯಿದೆ, ಬಂದ ದಿನದಿಂದ ಗೊತ್ತು, ಬೇಸರವೂ ಇಲ್ಲ. ನಮಗೆ ಹುನಗುಂದದಲ್ಲಿ ನಾಲ್ಕೆಕರೆ ಎರೆ ಇದೆ. ಮೈದುನ ಮೊನ್ನೆ ಮತ್ತೆ ಫೋನು ಮಾಡಿದ್ದ. ಹುಳ ಎದ್ದವಲ್ಲ, ಇನ್ನೇನು, ಬರ್ರಿ ಎಂದ. ಇವರು ಬಿತ್ತನೆಗೆ ಬಂದು ಹೋಗುತ್ತೇನೆ ಎಂದರು. ತಮ್ಮನಿಗೆ ಆ ಬಂದು ಹೋಗುವ ಮಾತು ಹಿಡಿಸಲಿಲ್ಲ. "ಅಲ್ಲಿ ಏನೈತಿ ಅಣ್ಣಾ ನಿಮ್ಮದು?" ಎಂದು ಕೇಳಿದ.

"ನಮ್ಮ ಹೊಲ ಐತಿ ತಮ್ಮಾ. ಬಿತ್ತಿ ಆಗೈತಿ, ನಾಕ ವರ್ಷಕ್ಕ ಬರ್ತೈತಿ ಪೀಕು" ಎಂದರು ನಮ್ಮವರು.