ಬಿಸಿಲಿಗೆ ತಡೆಯದ ಬಣ್ಣ

ಅಣ್ಣನ ಸಮಾಧಿಯ ಮೇಲಿನ ಭಾವಚಿತ್ರ ಮಾಸಿದ್ದು ಅತ್ತಿಗೆಯ ಕೈಯಿಂದಲ್ಲ, ನನ್ನ ಸುಳ್ಳಿನಿಂದ. ಇದನ್ನು ಇಷ್ಟು ವರ್ಷ ಬಚ್ಚಿಟ್ಟೆ — ಬಚ್ಚಿಟ್ಟೆ ಅನ್ನುವುದೂ ಸಾಲದು, ಅತ್ತಿಗೆ ಆ ತಪ್ಪು ಹೊತ್ತು ಓಡಾಡುವುದನ್ನು ನೋಡುತ್ತ ಕೂತೆ.

ಹಗರಿಬೊಮ್ಮನಹಳ್ಳಿಯಲ್ಲಿ ಅಣ್ಣನದೊಂದು ಕೆತ್ತನೆ ಅಂಗಡಿ. ಪಾತ್ರೆಗಳ ಮೇಲೆ ಹೆಸರು, ಮನೆಗಳಿಗೆ ನಾಮಫಲಕ, ಶಾಲೆಗಳಿಗೆ ಶೀಲ್ಡು. ಅವನು ತೀರಿಕೊಂಡ ಮೇಲೆ ಅತ್ತಿಗೆ ಕೊಟ್ರಮ್ಮನೂ ನಾನೂ ಅದನ್ನು ನಡೆಸಿದೆವು. ಜನ ಆಗಲೇ ಬಣ್ಣದ ಫೋಟೊ ಕೇಳತೊಡಗಿದ್ದರು. ಕೊಟ್ಟೂರಿನಲ್ಲಿ ಸಿಗುತ್ತಿತ್ತು, ನಮ್ಮಲ್ಲಿ ಇಲ್ಲ. ಬಂದವರು ನಮ್ಮ ಫಲಕ ತಿರುಗಿಸಿ ನೋಡಿ, ಸುಮ್ಮನೆ ಕೆಳಗಿಟ್ಟು ಹೋಗುವಾಗ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಸಬ್ಲಿಮೇಶನ್ ಯಂತ್ರ ತರಲು ಇಬ್ಬರೂ ದಾವಣಗೆರೆಗೆ ಹೋದೆವು. ಕಾಗದದ ಮೇಲೆ ಮುದ್ರಿಸಿದ ಚಿತ್ರವನ್ನು ತಗಡಿನ ಮೇಲಿಟ್ಟು ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಬಣ್ಣ ಆವಿಯಾಗಿ ತಗಡಿನ ಲೇಪಕ್ಕೆ ಇಳಿಯುತ್ತದೆ. ಅಲ್ಲಿ ತಗಡಿನಲ್ಲಿ ಎರಡು ಬಗೆ ಇದ್ದವು. ಒಂದರ ಬಣ್ಣ ಕಣ್ಣು ಕುಕ್ಕುವಂತಿತ್ತು, ಅಂದೇ ಒಯ್ಯಬಹುದಿತ್ತು. ಇನ್ನೊಂದು ತುಸು ಮಂಕು, ತರಿಸಿಕೊಡಲು ತಡವಾಗುತ್ತಿತ್ತು. ಅತ್ತಿಗೆ ಮಾದರಿ ತಗಡುಗಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಅಂಗಡಿಯವರು ಕಣ್ಣು ಕುಕ್ಕುವ ಬಗೆಯದನ್ನು ತೋರಿಸಿ ನನಗೆ ಹೇಳಿದರು:

“ಮೇಡಂ, ಇದು ಮನೆಯೊಳಗೆ ಇಡೋದಕ್ಕೆ ಮಾತ್ರ. ಬಿಸಿಲಿಗಿಟ್ರೆ ಬಣ್ಣ ಹೋಗುತ್ತೆ. ಹೊರಗಡೆಗೆ ಬೇಕಂದ್ರೆ ಆ ಇನ್ನೊಂದು ತಗೊಳ್ಳಿ.”

ಅತ್ತಿಗೆ ಒಳಗೆ ಬಂದಳು. “ಗಿರಿಜಾ, ಮೊದಲು ನಿಮ್ಮಣ್ಣಂದು ಮಾಡೋಣು. ಹೊಲದಾಗ ಸಮಾಧಿ ಮ್ಯಾಲ ಇಡಬೇಕು. ಇದು ಬಿಸಿಲಿಗೆ ತಡಿತೈತೇನು?”

“ತಡಿತೈತಿ ಅತ್ತಿಗಿ.”

ಯಾಕೆ ಹಾಗೆಂದೆ? ಕಾಯಲಾರೆ ಎಂದೇ? ಕೊಟ್ಟೂರಿನವರಿಗಿಂತ ನಮ್ಮ ಬಣ್ಣ — ಬೇಡ. ಅಂದದ್ದು ನಾನು.

ಅಣ್ಣನ ಚಿತ್ರವನ್ನು ಅತ್ತಿಗೆಯೇ ಒತ್ತಿದಳು, ನನ್ನನ್ನು ಹತ್ತಿರ ಬಿಡಲಿಲ್ಲ. ಇನ್ನೂ ಬೆಚ್ಚಗಿದ್ದ ತಗಡನ್ನು ಸೆರಗಿನಲ್ಲಿ ಹಿಡಿದು, “ನಗತಾನ ನೋಡು” ಅಂದಳು.

ಬೇಸಿಗೆ ಮುಗಿಯುವಷ್ಟರಲ್ಲಿ ಆ ನಗು ಹೋಗಿತ್ತು. ಮುಖವಿದ್ದಲ್ಲಿ ಬಿಳಿಚಿದ ತಗಡು, ಕೆಳಗೆ ಅಂಗಿಯ ನೀಲಿ ಮಾತ್ರ. ಅಣ್ಣನ ವರ್ಷದ ಪೂಜೆಗೆ ಓಣಿಯ ಹೆಂಗಸರೆಲ್ಲ ಹೊಲಕ್ಕೆ ಬಂದಿದ್ದರು. ಅವ್ವ ಅವರ ಮುಂದೆಯೇ ಅಂದಳು:

“ಇಕಿ ಕೈಯಾಗ ನನ್ನ ಮಗ ಎರಡು ಸಲ ಹೋದ.”

ಅತ್ತಿಗೆ ಅಳಲಿಲ್ಲ. “ಬಿಸಿ ಕಮ್ಮಿ ಕೊಟ್ಟೀನೇನೋ, ಅತ್ತಿ. ನಂದ ತಪ್ಪು” ಅಂದು ನನ್ನತ್ತ ನೋಡಿದಳು. ಯಂತ್ರದ ವಿಷಯ ತಿಳಿದವಳು ನಾನೇ ಅಲ್ಲವೇ, ಏನಾದರೂ ಅಂದೇನು ಎಂದು. ನಾನು ಬಗ್ಗಿ ಹೂವು ಸರಿಮಾಡಿದೆ.

ಆಮೇಲೆ ಆಕೆ ಪ್ರೆಸ್ಸು ಮುಟ್ಟಲಿಲ್ಲ. ಹೆಸರು ಕೆತ್ತಲು ಬಂದ ಮದುವೆ ಉಡುಗೊರೆಯ ಪಾತ್ರೆಗಳನ್ನೂ ಮುಟ್ಟಬೇಡ ಎಂದಳು ಅವ್ವ. ಕೊನೆಗೊಂದು ದಿನ ಬಟ್ಟೆ ಗಂಟು ಕಟ್ಟಿಕೊಂಡು ಹಿರೇಹಡಗಲಿಯ ತವರಿಗೆ ಹೋದಳು. ಅಲ್ಲಿ ಹೊಲಿಗೆ ಮಾಡುತ್ತಾಳೆ. ನಾನು ಮಾತ್ರ ಬಂದ ಗಿರಾಕಿಗಳಿಗೆಲ್ಲ, “ಬಿಸಿಲಿಗೆ ಇಡಬ್ಯಾಡ್ರಿ” ಎಂದು ತಪ್ಪದೆ ಹೇಳುತ್ತಿದ್ದೆ. ಎಲ್ಲರಿಗೂ ಹೇಳಿದೆ — ಆಕೆಯೊಬ್ಬಳಿಗೆ…

ಮೊನ್ನೆ ಹಿರೇಹಡಗಲಿಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಅತ್ತಿಗೆ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು. ಅಂಗೈಯಿಂದ ಬಟ್ಟೆಯ ಸುಕ್ಕು ತೀಡಿದಳು.

“ಅತ್ತಿ ಅಂದಿದ್ದು ಓಣಿಯವರೆಲ್ಲಾ ಕೇಳ್ಯಾರ. ನೀನು ನನಗೊಬ್ಬಾಕಿಗೆ ಹೇಳಾಕ ಬಂದಿಯಲ್ಲ?”

ಕೂರು ಅನ್ನಲಿಲ್ಲ ಆಕೆ. ಅನ್ನಬೇಕಾಗಿಯೂ ಇರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. “ಆಗಿದ್ದು ಆತು, ಬಿಡವಾ. ಈಗ್ಯಾಕ ಅದನ್ನ ಕೆದರತಿ?” ಎಂದು ಮುಖ ತಿರುಗಿಸಿದಳು.

ಇವತ್ತು ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಅಂದು ಹೊಲಕ್ಕೆ ಬಂದಿದ್ದವರಲ್ಲಿ ಮೊದಲು ಪಕ್ಕದ ಮನೆಯ ಬಸಮ್ಮನ ಬಾಗಿಲು ತಟ್ಟಿದೆ. ಹಿಟ್ಟಿನ ಕೈಯಲ್ಲೇ ಬಂದು ತೆರೆದಳು.

“ಏನವಾ ಗಿರಿಜಾ, ಇಷ್ಟೊತ್ತಿಗೆ?”

“ನಮ್ಮ ಅತ್ತಿಗಿ ವಿಷಯ ಐತಿ, ಬಸಮ್ಮ,” ಅಂದೆ. “ಅವತ್ತು ನಾ ಬಾಯಿ ಬಿಡಲಿಲ್ಲ.”