ತಪ್ಪು ಹೆಸರಿಗೆ ಎಳ್ಳುನೀರು

ಮೊಬೈಲು ಹೊಸದಾಗಿ ಕೈಗೆ ಬಂದ ಕಾಲದಲ್ಲಿ, ಪಿತೃಪಕ್ಷ ಬಂತೆಂದರೆ ಪುರೋಹಿತನಾದ ನನ್ನ ಗತ್ತೇ ಬೇರೆ. ಬನಶಂಕರಿಯಲ್ಲಿ ಒಂದು ಶ್ರಾದ್ಧ ಮುಗಿಸಿ, ಸ್ಕೂಟರಿನಲ್ಲಿ ಜಯನಗರಕ್ಕೆ ಓಡಿ, ಅಲ್ಲಿ ಕೂತಿರುವಾಗಲೇ ಜೆ.ಪಿ. ನಗರದವರಿಗೆ ‘ದಾರೀಲಿದ್ದೀನಿ’ ಎಂದು ಫೋನಿನಲ್ಲಿ ಸುಳ್ಳು ಹೇಳುತ್ತಿದ್ದೆ. ಯಾವ ಮನೆಯಲ್ಲಿ ಯಾರು ತೀರಿಕೊಂಡಿದ್ದಾರೆ ಎಂಬುದು ನನ್ನ ತಲೆಯಲ್ಲಿರುತ್ತಿರಲಿಲ್ಲ, ಜೇಬಿನ ಚೀಟಿಯಲ್ಲಿರುತ್ತಿತ್ತು. ಮೊದಲ ಸಾಲಿನಲ್ಲಿ ಶ್ರಾದ್ಧ ಮಾಡುವ ಮಗನ ಹೆಸರು, ಎರಡನೆಯದರಲ್ಲಿ ತೀರಿಕೊಂಡ ತಂದೆಯದು. ಸತ್ತವರು ದೂರು ಕೊಡುವುದಿಲ್ಲ, ಇದ್ದವರಿಗೆ ಸಂಸ್ಕೃತ ಬರುವುದಿಲ್ಲ. ನನ್ನ ಧೈರ್ಯವೆಲ್ಲ ಇಷ್ಟೇ.

ಒಮ್ಮೆ ಜಯನಗರದ ಒಂದು ಮನೆಯಲ್ಲಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡನೆಯ ಸಾಲಿನ ಬದಲು ಮೊದಲನೆಯದನ್ನು ಓದಿಬಿಟ್ಟೆ. ಮಗ ಬ್ಯಾಂಕಿನ ಅಧಿಕಾರಿ, ಅವರ ಕಣ್ಣು ಗಡಿಯಾರದ ಮೇಲೆ. ನಾನು ಹೇಳಿಕೊಟ್ಟಂತೆಯೇ ಹೇಳುತ್ತಾ, ತಮ್ಮ ಹೆಸರಿಗೆ ತಾವೇ ಮೂರು ಸಲ ಎಳ್ಳುನೀರು ಬಿಟ್ಟುಕೊಂಡರು.

‘ಶಾಸ್ತ್ರಿಗಳೇ, ನನ್ನ ಮಗ ಇನ್ನೂ ಬದುಕಿದ್ದಾನೆ!’ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ತಾಯಿ ಕೂಗಿದರು.

ಫೋನು ಜಾರಿ ಅಕ್ಕಿಯ ತಟ್ಟೆಗೆ ಬಿತ್ತು. ಗಾಬರಿಯಲ್ಲಿ ಚೀಟಿ ನೋಡುವುದನ್ನೂ ಮರೆತು ಆಕೆಯನ್ನೇ ಕೇಳಿದೆ: ‘ನಿಮ್ಮ ಯಜಮಾನ್ರ ಹೆಸರೇನಮ್ಮಾ?’ ಹಳೆಯ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು, ಊರಿಗೆಲ್ಲ ಶಾಸ್ತ್ರ ಹೇಳುವ ನನಗೆ ಹೊಳೆಯಲೇ ಇಲ್ಲ.

‘ನಾನು ಹೇಳೋ ಹಾಗಿಲ್ವಲ್ಲ,’ ಎಂದರು ಆಕೆ. ‘ವರ್ಷಕ್ಕೊಂದೆರಡ್ಸಲ ನಿಮ್ಮ ಬಾಯಲ್ಲಾದ್ರೂ ಕೇಳೋಣ ಅಂತ್ಲೇ ಇಲ್ಲಿ ಬಂದು ನಿಂತ್ಕೊಳ್ಳೋದು.’