ಗಾಡಿ ಇಳಿಯದ ಮದುಮಗ

ಕೊರೊನಾ ಕಾಲ ಮುಗಿದು, ಮುಂದಕ್ಕೆ ಹಾಕಿದ್ದ ಮದುವೆಗಳೆಲ್ಲ ಒಮ್ಮೆಲೇ ನಡೆಯತೊಡಗಿದ ವರ್ಷ ಅದು. ರಾಣೆಬೆನ್ನೂರಿನಲ್ಲಿ ಕಲ್ಯಾಣ ಮಂಟಪ ಸಿಗುವುದೇ ದೊಡ್ಡ ಪುಣ್ಯ ಎನ್ನುವಂತಾಗಿತ್ತು. ಅಂತೂ ಏಪ್ರಿಲ್ ಕೊನೆಯ ಸುಡು ಬಿಸಿಲಿನಲ್ಲಿ ಒಂದು ಮಂಟಪ ಸಿಕ್ಕು ನನ್ನ ಮದುವೆಗೆ ಮುಹೂರ್ತ ಕೂಡಿಬಂತು. ತಮ್ಮ ಮದುವೆಯ ದಿನವನ್ನು ಯಾರೂ ಮರೆಯುವುದಿಲ್ಲ, ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನನ್ನ ಮದುವೆಯನ್ನು ಊಟಕ್ಕೆ ಬಂದವರೂ ಮರೆತಿಲ್ಲ, ಅದೇ ವಿಶೇಷ. ಅದಕ್ಕೆಲ್ಲ ಕಾರಣ ನಮ್ಮಪ್ಪನ ಕಾರು.

ನಮ್ಮದು ಬ್ಯಾಡಗಿ. ಮೆಣಸಿನಕಾಯಿ ವ್ಯಾಪಾರದ ಮನೆತನ. ನಮ್ಮಜ್ಜ ಒಮ್ಮೆ ಮೆಣಸಿನಕಾಯಿ ಮಾರಲು ಮುಂಬೈಗೆ ಹೋದವರು ಮರಳುವಾಗ ಕಾರಿನಲ್ಲಿ ಬಂದರಂತೆ. ಅಮೆರಿಕದಲ್ಲಿ ತಯಾರಾದ ಕಾರು. ಅಲ್ಲಿಯೂ ಸಿರಿವಂತರ ಮನೆಯ ಮುಂದೆ ಮಾತ್ರ ನಿಲ್ಲುತ್ತಿದ್ದ ಜಾತಿಯದು. ಕೆನೆಬಣ್ಣ, ಹಿಂದುಗಡೆ ಮೀನಿನ ಬಾಲದಂತೆ ಎರಡು ರೆಕ್ಕೆ, ಸ್ಟೇರಿಂಗು ಎಡಗಡೆ, ಮುಂದಿನ ಸೀಟಿನಲ್ಲೇ ಮೂವರು ಕಾಲು ಚಾಚಿ ಕೂರುವಷ್ಟು ಜಾಗ. ಬ್ಯಾಡಗಿಯ ಓಣಿಗಳಲ್ಲಿ ಅದನ್ನು ತಿರುಗಿಸಬೇಕೆಂದರೆ ಎದುರು ಮನೆಯವರು ಕಟ್ಟೆಯ ಮೇಲಿನ ಕೊಡಪಾನ ಒಳಗಿಡಬೇಕು. ಊರವರು ಅದಕ್ಕೆ ಇಟ್ಟ ಹೆಸರು 'ಆನಿ'. "ಆನಿ ಹೊಂಟತು, ಸರೀರಿ ಸರೀರಿ" ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ಅಜ್ಜನ ನಂತರ ಅದು ಅಪ್ಪನಿಗೆ ಬಂತು. ಬಂತು ಎನ್ನುವುದಕ್ಕಿಂತ ಅಪ್ಪನೇ ಅದಕ್ಕೆ ಹೋದ ಎನ್ನಬೇಕು. ಭಾನುವಾರ ಬಂತೆಂದರೆ ಹಳೇ ಧೋತರದ ತುಂಡು ಹಿಡಿದು ಗೋದಾಮಿಗೆ ನಡೆದುಬಿಡುತ್ತಿದ್ದ. ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಮುರಿದದ್ದನ್ನು ಕೈಯಲ್ಲಿ ಹಿಡಿದುಕೊಂಡು ಹಾವೇರಿಯ ಲೇತ್ ಅಂಗಡಿಗೆ ಹೋಗಿ, ಇಡೀ ದಿನ ಸ್ಟೂಲಿನ ಮೇಲೆ ಕೂತು, ಅಂಥದೇ ಇನ್ನೊಂದನ್ನು ಕಡೆಸಿಕೊಂಡು ಬರುತ್ತಿದ್ದ. ಒಮ್ಮೆ ಆಯುಧ ಪೂಜೆಗೆಂದು ಅವ್ವ ಅದರ ಹೊಳೆಯುವ ಬಂಪರನ್ನು ಹಿತ್ತಾಳೆ ಕೊಡದಂತೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿಬಿಟ್ಟಳು. ಮನೆಯಲ್ಲಿ ಆದ ಜಗಳ ಕೇಳಬೇಡಿ. "ನನಗ ಸವತಿ ತಂದಿಟ್ಟು ಹೋದ್ರು ನಮ್ಮ ಮಾವಾರು" ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ.

ಆದರೆ ಆನೆಗೆ ನಿಜವಾದ ವೈರಿ ಎಂದರೆ ಇಲಿ. ನಿಂತ ಗಾಡಿಯಲ್ಲಿ ಗೂಡು ಕಟ್ಟುವುದು, ವಾಯರು ಕಡಿಯುವುದು, ಸೀಟಿನ ಚರ್ಮ ತಿನ್ನುವುದು. ಅದಕ್ಕೆ ಅಪ್ಪ ಕಂಡುಕೊಂಡ ಉಪಾಯ ನಮ್ಮ ಕಸುಬಿನದೇ. ತೆಳು ಬಟ್ಟೆಯಲ್ಲಿ ಮೆಣಸಿನಪುಡಿ ಗಂಟು ಕಟ್ಟಿ ಕಾರಿನ ಸಂದುಗೊಂದುಗಳಲ್ಲೆಲ್ಲ ಇಡುತ್ತಿದ್ದ. ಅದೂ ನಮ್ಮ ಬ್ಯಾಡಗಿಯ ಪುಡಿಯಲ್ಲ, ಗುಂಟೂರಿನದು. ಊರಿನ ಹೆಸರು ಕೆಡಿಸುತ್ತೀಯಲ್ಲ ಎಂದು ನಾನು ಕಾಡಿಸಿದರೆ, "ನಮ್ಮ ಕಾಯಿ ಬಣ್ಣಕ್ಕ ಹೆಸರಾಗಿದ್ದು. ಇಲಿಗೆ ಬಣ್ಣ ತಗೊಂಡು ಏನ್ ಮಾಡೂದೈತಿ? ಅದಕ್ಕ ಖಾರ ಬೇಕು" ಎನ್ನುತ್ತಿದ್ದ. ಇಲಿಗಳಿಗೆ ಬಹಳ ಪ್ರೀತಿಯ ಜಾಗವೆಂದರೆ ಬಿಸಿಗಾಳಿಯ ಪೆಟ್ಟಿಗೆ. ಚಳಿ ದೇಶದ ಕಾರಲ್ಲವೇ, ಒಳಗೆ ಕೂತವರು ಬೆಚ್ಚಗಿರಲೆಂದು ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಫ್ಯಾನು, ಹಿಂದೆ ಕೂತವರಿಗಾಗಿ ಮುಂದಿನ ಸೀಟಿನ ಬುಡದಲ್ಲಿ ಒಂದು ಕಿಂಡಿ ಇದ್ದವು. ಬ್ಯಾಡಗಿಯ ಬಿಸಿಲಲ್ಲಿ ಬಿಸಿಗಾಳಿ ಯಾರಿಗೆ ಬೇಕು? ಅದನ್ನು ಯಾರೂ ಯಾವತ್ತೂ ಹಚ್ಚಿರಲಿಲ್ಲ, ಅದರ ವಾಯರೂ ಎಂದೋ ಸತ್ತಿತ್ತು. ಹಾಗಾಗಿ ಅಪ್ಪ ಅಲ್ಲಿ ಗಂಟಿನ ಮೇಲೆ ಗಂಟು ಇಟ್ಟಿದ್ದ.

ನನ್ನ ಮದುವೆ ನಿಶ್ಚಯವಾದ ಮೇಲೆ ಅಪ್ಪನದು ಒಂದೇ ಹಟ. ಅಳಿಯ ಆನೆಯಲ್ಲೇ ಕೂತು ಮಂಟಪಕ್ಕೆ ಬರಬೇಕು. ರಾಣೆಬೆನ್ನೂರಿನಿಂದ ಒಬ್ಬ ಜಾಣ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, "ಗಾಡ್ಯಾಗಿನ ಒಂದೊಂದು ಗುಂಡೀನೂ ಕೆಲಸಾ ಮಾಡ್ಬೇಕು ನೋಡಪಾ" ಎಂದ. ಅವನು ಹದಿನೈದು ದಿನ ನಮ್ಮಲ್ಲೇ ಉಂಡು ಎಲ್ಲವನ್ನೂ ಸರಿ ಮಾಡಿದ. ಗುಂಡಿ ಒತ್ತಿದರೆ ಗಾಜು ತಾನೇ ಏರುತ್ತಿತ್ತು, ಗಡಿಯಾರ ನಡೆಯುತ್ತಿತ್ತು, ರೇಡಿಯೋ ಗೊರಗೊರ ಎನ್ನುತ್ತಿತ್ತು. ಅಪ್ಪ ಚಿಕ್ಕ ಹುಡುಗನಂತೆ ಕುಣಿದಾಡಿದ. ಬಿಸಿಗಾಳಿಯ ಫ್ಯಾನಿಗೂ ಜೀವ ಬಂದಿದೆ ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ.

ಅಪ್ಪನಿಗೆ ಕಾರಿನ ಚಿಂತೆಯಾದರೆ ನನಗೆ ನನ್ನದೇ ಚಿಂತೆ. ಹುಡುಗ ಮೇಡ್ಲೇರಿಯ ರೈತರ ಮನೆಯವರು, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದರು. ನೋಡಲು ಬಂದಾಗ ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತ ಕೂತಿದ್ದರು. ಫೋನಿನಲ್ಲಿ ನಾನು ಹತ್ತು ಮಾತಾಡಿದರೆ ಆ ಕಡೆಯಿಂದ "ಹೂನ್ರಿ" ಎಂದಷ್ಟೇ ಬರುತ್ತಿತ್ತು. ನಾನೋ ಹಾವೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ದಿನವಿಡೀ ಮಾತೇ ನನ್ನ ಕೆಲಸ. ಮನೆಯವರು ಒತ್ತಾಯ ಮಾಡಿ ಒಪ್ಪಿಸಿರಬಹುದೇ, ಅವರಿಗೆ ನಿಜವಾಗಿ ಮನಸ್ಸಿದೆಯೇ ಎಂಬ ಅನುಮಾನ ಒಳಗೊಳಗೇ ಕೊರೆಯುತ್ತಿತ್ತು. ಕೇಳಲು ಬಾಯಿ ಬರಲಿಲ್ಲ. ಹಾಗೆಯೇ ಮದುವೆಯ ದಿನ ಬಂದುಬಿಟ್ಟಿತು.

ಅವತ್ತು ಬೆಳಿಗ್ಗೆ ಮಂಟಪದ ಮೇಲಿನ ಕೋಣೆಯಲ್ಲಿ ನನ್ನನ್ನು ಸಿಂಗರಿಸಿ ಕೂರಿಸಿದ್ದರು. ಚಿಕ್ಕಪ್ಪನ ಮಗಳು ಶಿಲ್ಪಾ ಕಿಟಕಿಯಲ್ಲಿ ನಿಂತು ನನಗೆ ವರದಿ ಒಪ್ಪಿಸುತ್ತಿದ್ದಳು. ದೂರದಿಂದ ಬ್ಯಾಂಡಿನ ಸದ್ದು ಹತ್ತಿರವಾಗುತ್ತಿತ್ತು. "ಅಕ್ಕಾ, ಆನಿ ಬಂತು! ಹೂವಿನ ಒಳಗ ಗಾಡೀನ ಕಾಣವಲ್ದು. ದೊಡ್ಡಪ್ಪಾನ ಗಾಡಿ ಹೊಡಿಯಾಕತ್ತಾನ. ಬಾಜೂಕ ಮದಿಮಗನ ಸೋದರಮಾವ ಅದಾನ, ಹಿಂದ ಮದಿಮಗ ಒಬ್ಬನ ಕುಂತಾನ" ಎಂದಳು.

ಇದ್ದಕ್ಕಿದ್ದಂತೆ ಬ್ಯಾಂಡು ನಿಂತುಹೋಯಿತು. ಮಂಟಪದ ಬಾಗಿಲಿಗೆ ಇನ್ನೂ ಹತ್ತಿಪ್ಪತ್ತು ಮಾರು ಇರುವಾಗಲೇ ಕಾರೂ ನಿಂತಿತ್ತು. ಶಿಲ್ಪಾ ಕಿಟಕಿಯಿಂದ ಹೊರಗೆ ಬಗ್ಗಿದಳು.

"ಏನಾತ?" ಎಂದೆ.

"ದೊಡ್ಡಪ್ಪ ಇಳದು ಕಣ್ಣೀರು ಒರಸ್ಕೊಳ್ಳಾಕತ್ತಾನ. ಆ ಮಾಮಾನೂ ತಲಿಗೆ ಸುತ್ತಿದ್ದ ಪಟಕಾ ಬಿಚ್ಚಿ ಮಾರಿಗೆ ಹಿಡ್ಕೊಂಡು ಕಟ್ಟಿ ಮ್ಯಾಲೆ ಕುಂತ" ಎಂದವಳು ನನ್ನ ಕಡೆ ತಿರುಗಿ, ದನಿ ಇಳಿಸಿ ಹೇಳಿದಳು: "ಅಕ್ಕಾ, ಮದಿಮಗ ಅಳಾಕತ್ತಾನ. ಬಾಗಲಾ ತಗದ್ರೂ ಇಳೀವಲ್ಲ."

ನಾನು ಅಂದುಕೊಂಡದ್ದೇ ಆಯಿತಲ್ಲ ಎನಿಸಿತು. ಕೆಳಗೆ ಸುದ್ದಿಗೆ ಕಾಲಲ್ಲ, ರೆಕ್ಕೆಯೇ ಬಂದಿತ್ತು. ಹುಡುಗನಿಗೆ ಮನಸ್ಸಿಲ್ಲವಂತೆ, ಗಾಡಿ ಇಳಿಯಲು ಒಲ್ಲೆ ಎನ್ನುತ್ತಿದ್ದಾನಂತೆ, ಹೆಣ್ಣಿನ ತಂದೆ ಕೈಮುಗಿದು ಅಳುತ್ತಿದ್ದಾರಂತೆ. ಮೆಟ್ಟಿಲು ಹತ್ತಿ ಬಂದ ಪ್ರತಿಯೊಬ್ಬರೂ ಒಂದೊಂದು ಕಥೆ ಹೊತ್ತು ತಂದರು. ಅಷ್ಟರಲ್ಲಿ ಬಾಗಿಲ ಬಳಿಯಿಂದ ಹುಡುಗನ ತಾಯಿಯ ದನಿ ಕೇಳಿತು. ನಮ್ಮವ್ವನಿಗೆ ಅವರು ಜೋರಾಗಿ ಕೇಳುತ್ತಿದ್ದರು: "ನನ್ನ ಮಗಾ ಸಣ್ಣಾಂವ ಇದ್ದಾಗೂ ಹಿಂಗ ಅತ್ತಾಂವಲ್ರೀ! ಗಾಡ್ಯಾಗ ಕುಂದರ್ಸಿಕೊಂಡು ಅವಗ ಏನಂದ್ರಿ ನೀವು?" ಅವ್ವನೂ ಸುಮ್ಮನಿರುವ ಜಾತಿಯಲ್ಲ. "ನಾವ್ಯಾಕ ಏನಾರ ಅನ್ನೋಣ್ರೀ? ನಿಮ್ಮ ಮಗನ ಮನಸ್ಸಿನ್ಯಾಗ ಏನೈತಿ ನೀವು ಕೇಳ್ರಿ" ಎಂದಳು. ಹಿರಿಯರು ಒಂದು ಮೂಲೆಯಲ್ಲಿ ಗುಂಪುಗೂಡಿದರು. ಆರತಿ ತಟ್ಟೆ ಹಿಡಿದ ಮುತ್ತೈದೆಯರು, ಹೋಗಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟರು.

ಅಲ್ಲಿ ಕೂತು ಕಾಯಲು ನನ್ನಿಂದ ಆಗಲಿಲ್ಲ. ಮನಸ್ಸಿಲ್ಲದಿದ್ದರೆ ಇಲ್ಲ ಎಂದು ನನ್ನ ಮುಖ ನೋಡಿ ಹೇಳಲಿ, ನಾನೇನು ಅವರ ಕಾಲಿಗೆ ಬೀಳುವುದಿಲ್ಲ ಎನಿಸಿತು. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಹಣೆಯ ಮೇಲಿನ ಬಾಸಿಂಗವನ್ನು ಒಂದು ಕೈಯಲ್ಲಿ ಹಿಡಿದು ದಡದಡ ಮೆಟ್ಟಿಲು ಇಳಿದೆ. ತಲೆಯ ಮೇಲೆ ಅಕ್ಕಿಕಾಳು ಬೀಳುವ ಮೊದಲು ಮದುಮಗಳು ಹೀಗೆ ಬೀದಿಗೆ ಬಂದದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. "ಏ, ಹುಡುಗೀನ್ನ ಹಿಡೀರೇ" ಎಂದು ಯಾರೋ ಕೂಗಿದರು. ಹಿಡಿಯುವಷ್ಟರಲ್ಲಿ ನಾನು ಕಾರಿನ ಹತ್ತಿರ ಇದ್ದೆ.

ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಮೂಗಿಗೆ ಅದು ಬಡಿಯಿತು. ಹುಟ್ಟಿದಾಗಿನಿಂದ ಮೆಣಸಿನಕಾಯಿ ರಾಶಿಯ ನಡುವೆ ಬೆಳೆದವಳು ನಾನು, ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಘಾಟು! ಅದೂ ಗುಂಟೂರಿನದು.

ಕಟ್ಟೆಯ ಮೇಲೆ ಕೂತಿದ್ದ ಹುಡುಗನ ಸೋದರಮಾವ ಕೆಮ್ಮುತ್ತಲೇ ಬಾಯಿಬಿಟ್ಟರು. ಸೆಕೆ ತಡೆಯಲಾಗಲಿಲ್ಲವಂತೆ. "ಅಮೆರಿಕಾದ ಗಾಡಿ... ಏಸಿ ಇದ್ದ ಇರತೈತಿ ಅಂತ... ಒಂದು ಗುಂಡಿ ತಿರುವಿದ್ನವಾ..." ಎಂದು ಮತ್ತೆ ಪಟಕಾದಲ್ಲಿ ಮುಖ ಮುಚ್ಚಿಕೊಂಡರು. ಧೂಳು ಬರಬಾರದೆಂದು ಅಪ್ಪ ಗಾಜುಗಳನ್ನೆಲ್ಲ ಏರಿಸಿದ್ದ. ವರ್ಷಗಟ್ಟಲೆ ಕೂಡಿಟ್ಟ ಪುಡಿ, ಮೆರವಣಿಗೆಯಲ್ಲಿ ಕುದಿಯುತ್ತಿದ್ದ ಎಂಜಿನ್ನಿನ ಬಿಸಿಯ ಜೊತೆ ಸೇರಿ ಮೂವರ ಮುಖಕ್ಕೂ ನುಗ್ಗಿತ್ತು. ಪುಣ್ಯಕ್ಕೆ ಕಾರು ಬ್ಯಾಂಡಿನ ಹಿಂದೆ ಆಮೆಯಂತೆ ತೆವಳುತ್ತಿದ್ದುದರಿಂದ ಅಪ್ಪ ಕಣ್ಣು ಮುಚ್ಚಿಕೊಂಡೇ ಬ್ರೇಕು ಒತ್ತಿ, ಎಂಜಿನ್ ಆರಿಸಿ, ಹಿಂದಿನ ಬಾಗಿಲು ತೆರೆದಿದ್ದ. ಆಮೇಲೆ ಏನಾಯಿತೆಂದು ಹೇಳೋಣವೆಂದರೆ ಅವನ ಗಂಟಲಿನಿಂದ ದನಿಯೇ ಹೊರಡಲಿಲ್ಲ.

ಎಲ್ಲವೂ ಸರಿ. ಆದರೆ ಇಬ್ಬರು ಇಳಿದರೂ ಈ ಮನುಷ್ಯ ಯಾಕೆ ಇಳಿದಿಲ್ಲ? ಬಗ್ಗಿ ಒಳಗೆ ನೋಡಿದೆ. ಪೇಟ ಓರೆಯಾಗಿತ್ತು, ಕಣ್ಣು ದಾಸವಾಳದಂತೆ ಕೆಂಪಾಗಿದ್ದವು, ಮೂಗು, ಕಣ್ಣು ಎರಡೂ ಸುರಿಯುತ್ತಿದ್ದವು. ಎರಡು ಕೈಯಲ್ಲಿ ಸೀಟನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು.

"ಯಾಕ್ರಿ ಇಳೀವಲ್ರಿ?" ಎಂದೆ.

"ಆರತಿ..." ಎಂದು ಒಂದು ಸೀನು ಸೀನಿದರು. "ಆರತಿ ಇನ್ನೂ ಬಂದಿಲ್ಲಲ್ರಿ. ಆರತಿ ಆಗೂಮಟಾ ಮದಿಮಗ ನೆಲಕ್ಕ ಕಾಲಿಡಬಾರ್ದಂತ. ಇಟ್ರ ಹೆಣ್ಣಿನ ಮನಿಗೆ ಚೊಲೋದಲ್ಲಂತ ಅವ್ವ ಹೇಳ್ಯಾಳ."

ಆರತಿಯವರು ಇವರು ಇಳಿಯಲಿ ಎಂದು ಬಾಗಿಲಲ್ಲಿ ಕಾಯುತ್ತಿದ್ದರು. ಇವರು ಆರತಿ ಬರಲಿ ಎಂದು ಆ ಘಾಟಿನಲ್ಲಿ ಕಾಯುತ್ತಿದ್ದರು. ನನಗೆ ನಗು ಉಕ್ಕಿತು. ಆದರೂ ಒಳಗಿನ ಮುಳ್ಳು ಕೇಳಬೇಕಲ್ಲ. ಸುತ್ತ ನಿಂತ ಬೀಗರೆಲ್ಲರ ಮುಂದೆಯೇ ಕೇಳಿಬಿಟ್ಟೆ: "ಹಂಗಾರ ನಿಮಗ ಖರೇನ ಮನಸ್ಸೈತೇನ್ರಿ?"

ಅವರು ಒಂದು ಕಣ್ಣನ್ನು ಕಷ್ಟಪಟ್ಟು ತೆರೆದು ನನ್ನನ್ನು ನೋಡಿದರು. ಮೊದಲ ಸಲ, ನೇರವಾಗಿ.

"ಮನಸ್ಸಿಲ್ದಾಂವ ಈ ಖಾರದಾಗ ಯಾಕ ಕುಂದರ್ತಾನ್ರೀ?"

ಯಾರೋ ಕೊಡ ತಂದು ಅವರ ಮುಖಕ್ಕೆ ನೀರು ಎರಚಲು ಬಂದರು. "ನೀರು ಬ್ಯಾಡ್ರಿ, ಖಾರ ಮತ್ತೂ ಹರಡತೈತಿ! ತಣ್ಣನ ಹಾಲು ತರ್ರಿ, ಮಜ್ಜಿಗಿ ತರ್ರಿ" ಎಂದು ನಾನು ತರಗತಿಯಲ್ಲಿ ಕೂಗುವಂತೆ ಕೂಗಿದೆ. ಮುತ್ತೈದೆಯರ ಕೈಯಿಂದ ತಟ್ಟೆ ಇಸಿದುಕೊಂಡು ನಾನೇ ಆರತಿ ಬೆಳಗಿದೆ. ಮಧ್ಯದಲ್ಲಿ ನನಗೂ ಸೀನು ಬಂದು ದೀಪ ಆರಿಹೋಯಿತು, ಮತ್ತೆ ಹಚ್ಚಿದರು. ಆಮೇಲೆ ಅವರು ನೆಲಕ್ಕೆ ಕಾಲಿಟ್ಟರು. ಹಾಲಲ್ಲಿ ಅದ್ದಿದ ಟವೆಲ್ಲಿನಿಂದ ಅವರ ಮುಖ ಒರೆಸುತ್ತ ಅತ್ತೆಯವರು ನಮ್ಮವ್ವನ ಕೈ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ಬ್ಯಾಂಡಿನವರು ಸೀನುತ್ತ ಸೀನುತ್ತಲೇ ಬಾರಿಸಿದರು. ಅಕ್ಕಿಕಾಳು ಬೀಳುವಾಗಲೂ ಮದುಮಗನ ಕಣ್ಣಲ್ಲಿ ನೀರಿತ್ತು, ಈ ಸಲ ನನ್ನ ಕಣ್ಣಲ್ಲೂ ಇತ್ತು.

ಊಟದ ಹೊತ್ತಿಗೆ ಅಪ್ಪ ಮಾತ್ರ ಪಂಕ್ತಿಯ ತುದಿಯಲ್ಲಿ ಎಲೆ ಮುಂದೆ ತಲೆ ತಗ್ಗಿಸಿ ಕೂತಿದ್ದ. ದನಿ ಇನ್ನೂ ಪೂರ್ತಿ ಬಂದಿರಲಿಲ್ಲ. "ಇವತ್ತ ನನ್ನ ಮಗಳ ಬಾಳೇವು ಹಾಳ ಮಾಡ್ತಿತ್ತು ಆ ಗಾಡಿ. ನಾಳೇನ ಮಾರಿಬಿಡ್ತೇನಿ" ಎಂದ. ಅಷ್ಟು ವರ್ಷದಲ್ಲಿ ಅಪ್ಪನ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ನನ್ನ ಪಕ್ಕ ಕೂತಿದ್ದ ನಮ್ಮವರು ಹೋಳಿಗೆಯನ್ನು ಬದಿಗಿಟ್ಟು, "ಮಾರಬ್ಯಾಡ್ರಿ ಮಾವಾರ. ಆ ಫ್ಯಾನಿನ ಪೆಟ್ಟಿಗಿ ಎಲ್ಲಿಂದ ಬಿಚ್ಚೂದು ಅಷ್ಟ ಹೇಳ್ರಿ" ಎಂದರು. ಅಪ್ಪ ಅಳಿಯನ ಮುಖವನ್ನೇ ನೋಡಿದ. ಆಮೇಲೆ ಎಲೆಗೆ ಅನ್ನ ಹಾಕಿಸಿಕೊಂಡ.

ಮೊದಲ ಸಲ ಅತ್ತೆ ಮನೆಗೆ ಬಂದ ಅಳಿಯ ಮಂಚದ ಮೇಲೆ ಕೂತು ಉಪಚಾರ ಮಾಡಿಸಿಕೊಳ್ಳುವುದು ಪದ್ಧತಿ. ನಮ್ಮವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೋದಾಮು ಸೇರಿದರು. ಅಪ್ಪ, ಅಳಿಯ ಇಬ್ಬರೂ ಸೇರಿ ಆ ಪೆಟ್ಟಿಗೆಯನ್ನು ಬಿಚ್ಚಿ, ಪುಡಿಯನ್ನೆಲ್ಲ ತೆಗೆದು, ಕಿಂಡಿಗಳಿಗೆ ತಂತಿಯ ಜಾಳಿಗೆ ಕೂರಿಸಿದರು. ಅವತ್ತಿನಿಂದ ಭಾನುವಾರವೆಂದರೆ ನಮ್ಮವರು ಬ್ಯಾಡಗಿಯಲ್ಲೇ. ಫೋನಿನಲ್ಲಿ "ಹೂನ್ರಿ" ಎನ್ನುವ ಮನುಷ್ಯ ಕಾರ್ಬುರೇಟರಿನ ಬಗ್ಗೆ ಅಪ್ಪನ ಜೊತೆ ಗಂಟೆಗಟ್ಟಲೆ ಮಾತಾಡುತ್ತಾರೆ.

ಮೊನ್ನೆ ಭಾನುವಾರ ಅವ್ವ ಊಟಕ್ಕೆ ಕರೆದು ಕರೆದು ಸೋತಳು. ಮಾವ, ಅಳಿಯ ಇಬ್ಬರದೂ ಕಾಲು ಮಾತ್ರ ಕಾರಿನ ಕೆಳಗಿನಿಂದ ಕಾಣುತ್ತಿದ್ದವು. "ನೋಡವಾ, ನಿನಗೂ ಸವತಿ ಆತು" ಎಂದು ಅವ್ವ ನನ್ನನ್ನು ಚುಚ್ಚಿದಳು. ನಾನು ನಕ್ಕೆ. ನಮ್ಮಲ್ಲೂ ಜಗಳಗಳಾಗುತ್ತವೆ, ಇವರು ದಿನಗಟ್ಟಲೆ ಮಾತಿಲ್ಲದೆ ಇರುವುದೂ ಉಂಟು. ಆದರೆ ಮನಸ್ಸಿದೆಯೋ ಇಲ್ಲವೋ ಎಂದು ಆ ಮನುಷ್ಯನನ್ನು ನಾನು ಮತ್ತೆ ಕೇಳಿಲ್ಲ.